ಮನೆಯಲ್ಲಿ ಕಟ್ಟುವ ಕಾರಿಗೆ ದಾನಿ ವಾಹನದ ಆಯ್ಕೆ

ದಾನದ ವಿಷಯದಲ್ಲಿ ದೇಶ, ಕಾಲ, ಪಾತ್ರ ಎಂಬ ಮೂರನ್ನೂ ವಿವೇಚಿಸಬೇಕೆಂದು ಪೂರ್ವಿಕರು ವಿಧಿಸಿದರು. ಕೊಡುವವನು ಯೋಗ್ಯ ಪಾತ್ರನನ್ನು ಅರಸಿ ಕೊಡತಕ್ಕದ್ದೆಂಬುದು ಅದರ ತಾತ್ಪರ್ಯ. ಯಂತ್ರಲೋಕದಲ್ಲಿ ಈ ಕ್ರಮವು ತಲೆಕೆಳಗಾಗುವ ಸಂದರ್ಭವೊಂದುಂಟು. ಅಲ್ಲಿ ಪಡೆಯುವವನೇ ದಾನಿಯನ್ನು ಅರಸಿಕೊಂಡು ಹೋಗಬೇಕು. ದಾನಿಯ ವಂಶ, ವಯಸ್ಸು, ಆರೋಗ್ಯ, ಅಂಗಲಕ್ಷಣ, ಕಾಗದಪತ್ರ ಇವೆಲ್ಲವನ್ನೂ ಪರೀಕ್ಷಿಸಬೇಕು. ದಾನವು ಸಂಪೂರ್ಣವಾದ ಮೇಲೆ ದಾನಿಯೇ ಉಳಿಯುವುದಿಲ್ಲ. ಈ ಸಂಚಿಕೆಯನ್ನೋದುವ ದಾನಿ ಮಹನೀಯರು ಇದರಿಂದ ಗಾಬರಿಗೊಳ್ಳಬೇಕಾದುದಿಲ್ಲ. ಇಲ್ಲಿ ದಾನಿಯೆಂದರೆ ಹಳೆಯ ಮೋಟಾರು ಕಾರು.

ಕಾರ್ಖಾನೆಯ ನೆರವಿಲ್ಲದೆ ತನ್ನ ಮನೆಯಂಗಳದಲ್ಲಿಯೋ ಶಾಲೆಯ ಕರ್ಮಶಾಲೆಯಲ್ಲಿಯೋ ಕಾರೊಂದನ್ನು ಕಟ್ಟಲು ಹೊರಟವನು ಅದರ ಚೌಕಟ್ಟನ್ನೂ ಮೈಯನ್ನೂ ತಾನೇ ಬೆಸೆದು ನಿರ್ಮಿಸಿಕೊಳ್ಳಬಹುದು. ಆದರೆ ಎಂಜಿನ್, ಗೇರ್‌ಬಾಕ್ಸ್, ಅಚ್ಚು, ಬ್ರೇಕು, ಸ್ಟಿಯರಿಂಗು ಮುಂತಾದುವನ್ನು ಕೈಯಿಂದ ತಯಾರಿಸುವುದು ಸಾಧ್ಯವಿಲ್ಲ. ಒಂದೊಂದನ್ನೂ ಹೊಸದಾಗಿ ಕೊಂಡರೆ ಆ ಹಣದಲ್ಲಿ ಸಿದ್ಧವಾದ ಕಾರೇ ಬಂದೀತು. ಆದುದರಿಂದ ಮುಪ್ಪಾದ ಕಾರೊಂದನ್ನು ಇಡಿಯಾಗಿ ಕೊಂಡು, ಬಿಚ್ಚಿ, ಅದರ ಒಳಗಿನ ಅಂಗಗಳನ್ನು ಹೊಸ ಮೈಗೆ ಜೋಡಿಸುವ ಪದ್ಧತಿ ಬೆಳೆಯಿತು. ಅಂಗಗಳನ್ನೊದಗಿಸುವ ಈ ಮುದಿ ಕಾರಿಗೇ ದಾನಿ ವಾಹನವೆಂದು ಹೆಸರು. ಈ ವಿಚಾರ ಹಳ್ಳಿಗರಿಗೆ ಹೊಸದಲ್ಲ. ಎರೆಭೂಮಿಯ ಹಾದಿಗಳಲ್ಲಿ ಕಟ್ಟಿಗೆಯ ಗಾಲಿಯ ಚಕ್ಕಡಿಗೆ ಬದಲಾಗಿ ರಬ್ಬರಿನ ಗಾಲಿಯ ಗಾಡಿಗಳು ಬಂದಾಗ ಅವುಗಳಲ್ಲನೇಕಕ್ಕೆ ಅಚ್ಚನ್ನೂ ಗಾಲಿಯನ್ನೂ ಒದಗಿಸಿದುವು ಗುಜರಿಗೆ ಬಿದ್ದ ಲಾರಿ, ಮೋಟಾರುಗಳೇ. ಬಡಿಗನೂ ಕಮ್ಮಾರನೂ ಆ ಕಾಲಕ್ಕೇ ದಾನಿಯನ್ನು ಆರಿಸಿದ್ದರು, ಹೆಸರಿಟ್ಟಿರಲಿಲ್ಲ, ಅಷ್ಟೆ.

ಹೊನವಾಡ, ತಿಕೋಟಾಗಳ ಭಾಗಕ್ಕೆ ಸಮೀಪದ ನಿದರ್ಶನವೊಂದು ಗಡಿಯಾಚೆಯ ಸಾಂಗಲಿ ಜಿಲ್ಲೆಯಲ್ಲಿ ದೊರೆಯುತ್ತದೆ. ಆ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ದತ್ತಾತ್ರೇಯ ಲೋಹಾರ ಎಂಬ ಕುಶಲಕರ್ಮಿಯು ಹಳೆಯ ವಾಹನಗಳ ಬಿಡಿಭಾಗಗಳಿಂದ ಜೀಪಿನಾಕಾರದ ಪುಟ್ಟ ನಾಲ್ಕುಗಾಲಿಯ ಬಂಡಿಯೊಂದನ್ನು ಕಟ್ಟಿದನು. ತಗಲಿದ ವೆಚ್ಚ ಸುಮಾರು 60,000 ರೂಪಾಯಿ. ಮೋಟಾರ್ ಸೈಕಲ್ಲಿನಂತೆ ಕಾಲಿನಿಂದ ಒದ್ದು ಅದನ್ನು ಚಾಲೂ ಮಾಡುವ ವ್ಯವಸ್ಥೆಯಿತ್ತು. 2021ರ ಡಿಸೆಂಬರಿನಲ್ಲಿ ಈ ವಾಹನದ ದೃಶ್ಯವು ದೇಶಾದ್ಯಂತ ಪ್ರಚಾರವಾಗಿ ಉದ್ಯಮಿ ಆನಂದ ಮಹೀಂದ್ರಾ ಅವರ ಕಣ್ಣಿಗೆ ಬಿತ್ತು. ಅವರು ಆ ಜಾಣ್ಮೆಯನ್ನು ಮನಸಾರೆ ಮೆಚ್ಚಿದರು. ಅದರೊಂದಿಗೇ ಇದು ನಿಯಮಗಳಿಗೆ ಹೊಂದುವುದಿಲ್ಲ, ಇಂದಲ್ಲ ನಾಳೆ ಅಧಿಕಾರಿಗಳು ಇದನ್ನು ತಡೆಯುವರು ಎಂಬ ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. 2022ರ ಜನವರಿಯಲ್ಲಿ ಲೋಹಾರನಿಗೆ ಹೊಸ ಬೊಲೆರೊ ವಾಹನ ದೊರೆಯಿತು. ಅವನ ಬಂಡಿಯು ಮಹೀಂದ್ರಾ ಸಂಸ್ಥೆಯ ಸಂಗ್ರಹಕ್ಕೆ ಸೇರಿತು. ಕಥೆ ಸುಖಾಂತವಾಯಿತು, ನಿಜ. ಆದರೆ ಎಲ್ಲ ಕಮ್ಮಾರರ ಬೆನ್ನಿಗೂ ಉದ್ಯಮಿಯೊಬ್ಬನು ನಿಲ್ಲುವುದಿಲ್ಲ. ವರ್ಷಗಟ್ಟಲೆ ದುಡಿದು ಕಟ್ಟಿದ ಬಂಡಿ ಪೊಲೀಸ್ ಠಾಣೆಯ ಆವರಣದಲ್ಲಿ ತುಕ್ಕು ಹಿಡಿಯುವ ಸಂಭವವೇ ಹೆಚ್ಚು. ದಾನಿಯ ಆಯ್ಕೆಯ ವಿಚಾರದಲ್ಲಿ ಈ ಸಂಗತಿಯನ್ನು ಮೊದಲಿನಿಂದ ಕೊನೆಯವರೆಗೂ ನೆನಪಿನಲ್ಲಿಟ್ಟಿರಬೇಕು.

ಇದೇ ಸೀಮೆಯ ಇನ್ನೊಂದು ಸಾಹಸವನ್ನು ಹೆಸರಿಸದೆ ಮುಂದುವರಿಯಲಾಗದು. ಇಚಲಕರಂಜಿಯ ಶಂಕರರಾವ್ ಕುಲಕರ್ಣಿಯವರು 1940ರ ದಶಕದಿಂದ 1970ರ ದಶಕದವರೆಗೆ 'ಮೀರಾ' ಎಂಬ ಚಿಕ್ಕ ಕಾರನ್ನು ಮಾದರಿಯಿಂದ ಮಾದರಿಗೆ ತಿದ್ದುತ್ತ ಬಂದರು. ಅವರ ಗುರಿ ದಾನಿಯ ಹಂಗಿಲ್ಲದ ಸ್ವತಂತ್ರ ಕಾರು. ಅದು ಮಾರುಕಟ್ಟೆಯನ್ನು ಕಾಣಲಿಲ್ಲ. ಒಬ್ಬ ಮನುಷ್ಯನ ಆಯುಸ್ಸಿನ ಬಹುಭಾಗವನ್ನು ಅದು ನುಂಗಿತೆಂಬುದನ್ನು ನೆನೆದರೆ, ಸಿದ್ಧವಾದ ಅಂಗಗಳನ್ನು ಎರವಲು ತರುವ ದಾರಿಯ ಬೆಲೆ ತಿಳಿಯುತ್ತದೆ.

ಆ ದಾರಿಯನ್ನು ವ್ಯವಸ್ಥಿತವಾಗಿ ತುಳಿದವರು ಇಂಗ್ಲೆಂಡಿನವರು. ಕಾಲಿನ್ ಚಾಪ್ಮನ್ ಎಂಬ ಶಿಲ್ಪಿಯ ಲೋಟಸ್ ಸೆವೆನ್ ಎಂಬ ಹಗುರ ಕಾರು 1957ರಲ್ಲಿ ಹೊರಬಂದಿತು. ಸಿದ್ಧ ಕಾರಿನ ಮೇಲೆ ಸರ್ಕಾರ ವಿಧಿಸುತ್ತಿದ್ದ ಖರೀದಿ ತೆರಿಗೆಯು ಬಿಡಿಭಾಗಗಳ ಪೆಟ್ಟಿಗೆಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಜನರು ಅದನ್ನು ಬಿಡಿಬಿಡಿಯಾಗಿ ಕೊಂಡು ಮನೆಯಲ್ಲಿ ಜೋಡಿಸತೊಡಗಿದರು. 1973ರಲ್ಲಿ ತೆರಿಗೆಯ ಪದ್ಧತಿಯೇ ಬದಲಾಗಿ ಆ ಲಾಭ ತಪ್ಪಿಹೋಯಿತು. ಕಟ್ಟುವ ಹವ್ಯಾಸ ಮಾತ್ರ ಉಳಿಯಿತು. ಶಾಲೆಗಳವರಿಗೆ ಇನ್ನೂ ರುಚಿಸುವ ಸಂಗತಿಯೆಂದರೆ, ಔಂಡಲ್ ಎಂಬ ಊರಿನ ಶಾಲೆಯ ಶಿಕ್ಷಕರಾಗಿದ್ದ ರಾನ್ ಚಾಂಪಿಯನ್ ಎಂಬವರು ವಿದ್ಯಾರ್ಥಿಗಳ ಕೈಯಿಂದ ಅದೇ ಬಗೆಯ ಕಾರನ್ನು ಕಟ್ಟಿಸಿ, ಕೇವಲ 250 ಪೌಂಡುಗಳಲ್ಲಿ ಕಾರು ಕಟ್ಟುವ ವಿಧಾನವನ್ನು ವಿವರಿಸುವ ಪುಸ್ತಕವನ್ನು 1996ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ದಾನಿ ಫೋರ್ಡ್ ಎಸ್ಕಾರ್ಟ್. ಎಂಜಿನ್ ಮುಂದೆ, ಚಾಲನೆ ಹಿಂದಿನ ಗಾಲಿಗಳಿಗೆ, ಭಾಗಗಳೆಲ್ಲ ಸರಳ, ಗುಜರಿಯಲ್ಲಿ ಹೇರಳವಾಗಿ ಅಗ್ಗವಾಗಿ ದೊರೆಯುತ್ತಿದ್ದಿತು. ಪುಸ್ತಕ ಜನಪ್ರಿಯವಾದಂತೆ ಆ ಎಸ್ಕಾರ್ಟ್ ದುರ್ಲಭವಾಯಿತು! 1980ರಲ್ಲಿಯೇ ಕಾರ್ಖಾನೆಯು ಮುಂದಿನ ಗಾಲಿಯ ಚಾಲನೆಗೆ ಹೊರಳಿದ್ದುದರಿಂದ ಹಳೆಯವು ಮತ್ತೆ ಹುಟ್ಟುವಂತಿರಲಿಲ್ಲ. ಕಟ್ಟುವವರು ಸಿಯೆರಾ, ಮಜ್ದಾ ಮುಂತಾದ ಬೇರೆ ದಾನಿಗಳತ್ತ ನಡೆದರು.

ಇದರಿಂದ ತಿಳಿಯುವುದೇನೆಂದರೆ, ದಾನಿಯ ಯೋಗ್ಯತೆಯು ಅದರ ಹಿರಿಮೆಯಲ್ಲಿಲ್ಲ. ಕಟ್ಟಬೇಕೆಂದಿರುವ ವಾಹನದ ಆಕೃತಿಗೆ ಅದು ಹೊಂದುವುದರಲ್ಲಿದೆ. ಅನೇಕರು ಮೊದಲು ಗುಜರಿಗೆ ಹೋಗಿ, ಕಣ್ಣಿಗೆ ಬಿದ್ದ ಶಕ್ತಿಶಾಲಿ ಎಂಜಿನ್ನನ್ನು ತಂದು, ಆಮೇಲೆ ಅದರ ಸುತ್ತ ಕಾರನ್ನು ಯೋಚಿಸುತ್ತಾರೆ. ಇದು ಮೊದಲು ಬಾಗಿಲನ್ನು ಕೊಂಡು ಅನಂತರ ಮನೆಯ ಪಾಯ ಅಗೆದಂತೆ. ಎಂಜಿನ್ ಎಲ್ಲಿ ಕೂಡುವುದು, ಯಾವ ಗಾಲಿಗಳನ್ನು ತಿರುಗಿಸುವುದು, ಕುಳಿತವರೆಷ್ಟು ಜನ, ನೆಲ ಎಂಥದು, ಇವು ಮೊದಲು ನಿಶ್ಚಯವಾಗಬೇಕು.

ಕಾರುಗಳ ಶರೀರರಚನೆ ಎರಡು ತೆರನಾದುದು. ಜೀಪು, ಲಾರಿ, ಜಿಪ್ಸಿ, ಟಾಟಾ ಏಸ್ ಮುಂತಾದುವುಗಳಲ್ಲಿ ಉದ್ದನೆಯ ಎರಡು ಉಕ್ಕಿನ ತೊಲೆಗಳು ಅಡ್ಡಪಟ್ಟಿಗಳಿಂದ ಬಂಧಿತವಾಗಿ ಏಣಿಯಂತಿರುತ್ತವೆ. ಇದೇ ಚಾಸಿ. ಎಂಜಿನ್ನೂ ಅಚ್ಚುಗಳೂ ಇದಕ್ಕೇ ಅಂಟಿಕೊಂಡಿರುವುದರಿಂದ ಮೈಯನ್ನು ಕಳಚಿಟ್ಟರೂ ವಾಹನ ನಡೆಯುತ್ತದೆ. ಚಕ್ಕಡಿಯ ಮೇಲಿನ ತಡಿಕೆಯನ್ನು ತೆಗೆದರೂ ಚಕ್ಕಡಿ ಉಳಿಯುವುದಲ್ಲವೆ, ಹಾಗೆ. ಮಾರುತಿ 800, ಅಂಬಾಸಿಡರ್, ಪದ್ಮಿನಿ ಮೊದಲಾದ ಕಾರುಗಳಲ್ಲಿಯಾದರೋ ಬೇರೆ ಚಾಸಿಯಿಲ್ಲ. ತೆಳುವಾದ ತಗಡುಗಳನ್ನು ಮಡಿಸಿ ಬೆಸೆದ ಮೈಯೇ ಎಲುಬಿನ ಕೆಲಸವನ್ನೂ ಮಾಡುತ್ತದೆ. ಮೊಟ್ಟೆಯ ಚಿಪ್ಪಿನ ಬಲದಂತೆ ಇದರ ಬಲವೂ ಇಡಿಯಾಗಿರುವುದರಲ್ಲಿ ಅಡಗಿದೆ. ಛಾವಣಿಯನ್ನು ಕೊಯ್ದರೆ ನಡು ಕುಸಿಯುತ್ತದೆ. ಛಾವಣಿ ಕತ್ತರಿಸಿ 'ಓಪನ್ ಕಾರು' ಮಾಡುವ ಉತ್ಸಾಹಿಗಳು ಬಾಗಿಲುಗಳು ಮುಚ್ಚದಂತಾದಾಗ ಈ ತತ್ತ್ವವನ್ನು ಅರಿಯುತ್ತಾರೆ. ಆದಕಾರಣ ಇಂಥ ದಾನಿಯಿಂದ ಒಳಗಿನ ಅಂಗಗಳನ್ನಷ್ಟೇ ತೆಗೆದುಕೊಂಡು, ಉಕ್ಕಿನ ಕೊಳವೆಗಳಿಂದ ಬೇರೆ ಚೌಕಟ್ಟನ್ನೇ ಕಟ್ಟಬೇಕಾಗುತ್ತದೆ. ಅಮೆರಿಕದಲ್ಲಿ 1964ರಲ್ಲಿ ಬ್ರೂಸ್ ಮೇಯರ್ಸ್ ಎಂಬವರು ಮರಳದಿಣ್ಣೆಗಳ ಮೇಲೆ ಓಡುವ ಬಂಡಿಗೆ ಬೀಟಲ್ ಕಾರನ್ನು ದಾನಿಯಾಗಿ ಆರಿಸಿದರು. ಆ ಕಾರಿನ ಮೈಯನ್ನು ಬೋಲ್ಟು ಬಿಚ್ಚಿ ನೆಲದಿಂದ ಬೇರ್ಪಡಿಸಬಹುದಾಗಿದ್ದು, ಅದು ಕಟ್ಟುವವರ ಪಾಲಿಗೆ ವರವಾಯಿತು. ಭಾರತದಲ್ಲಿ ಅಂಥ ವರ ದೊರೆಯಲಿಲ್ಲ.

ಇಲ್ಲಿ ದೊರೆಯುವ ದಾನಿಗಳನ್ನು ಈಗ ಒಂದೊಂದಾಗಿ ನೋಡಬಹುದು. ಅಂಬಾಸಿಡರಿನ ಹೆಸರೇ ಮೊದಲು ನಾಲಗೆಗೆ ಬರುವುದು ಸಹಜ. ಹಿಂದಿನ ಗಾಲಿಯ ಚಾಲನೆ, ಗಟ್ಟಿಮುಟ್ಟಾದ ಅಚ್ಚು, ಎಲ್ಲ ಊರಿನ ಮೇಸ್ತ್ರಿಗೂ ಪರಿಚಿತ. ಆದರೆ ಅದರ ಅಂಗಗಳೆಲ್ಲ ಭಾರಿ ಮೈಗೆ ತಕ್ಕಂತೆ ಭಾರವಾದುವು. ಗೇರಿನ ದಂಡವು ಬಹುಕಾಲ ಸ್ಟಿಯರಿಂಗಿನ ಕಂಬದ ಮೇಲೆಯೇ ಇದ್ದುದರಿಂದ ತಗ್ಗಾದ ಕಾರಿಗೆ ಒಗ್ಗದು. ಆದರೂ ಅದರ ಕೊನೆಯ ದಿನಗಳ ಇಸುಝು ಎಂಜಿನ್ನಿಗೆ ಬೇರೊಂದು ಜನ್ಮ ದೊರಕಿತು. ಈ ಶತಮಾನದ ಆರಂಭದಲ್ಲಿ ಶಮಾ ಬೋಸ್ ಎಂಬವರು ಲೋಟಸ್ ಸೆವೆನ್ನಿನ ಧಾಟಿಯಲ್ಲಿ 'ಚಿಂಕಾರಾ' ಎಂಬ ಹಗುರ ಕಾರನ್ನು ರೂಪಿಸಿದಾಗ ಅಳವಡಿಸಿದ್ದು ಆ 1.8 ಲೀಟರಿನ ಎಂಜಿನ್ನನ್ನೇ. ಪದ್ಮಿನಿಯು ಅಂಬಾಸಿಡರಿಗಿಂತ ಹಗುರ, 1089 ಸಿ.ಸಿ. ಎಂಜಿನ್, ಮುಂದುಗಡೆ ಸುರುಳಿ ಸ್ಪ್ರಿಂಗು, ಹಿಂದಿನ ಗಾಲಿಗೆ ಚಾಲನೆ. ರೂಪದಲ್ಲಿ ಎಸ್ಕಾರ್ಟಿಗೆ ಸಮೀಪದ ಬಂಧುವೆಂದರೆ ಇದೇ. ಆದರೆ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾಯಿತು. ಅಂಬಾಸಿಡರಿನ ತಯಾರಿಕೆ 2014ರಲ್ಲಿಯೇ ನಿಂತಿತ್ತು. ಈಗ ಉಳಿದಿರುವುವು ಸಂಗ್ರಾಹಕರ ಮಮತೆಗೆ ಪಾತ್ರವಾದುವು. ದುರಸ್ತಿಗೊಳಿಸಿ ಓಡಿಸಬಹುದಾದ ಅಂಬಾಸಿಡರನ್ನು ಕೊಯ್ದು ದಾನಿ ಮಾಡುವುದು ದಾನವಲ್ಲ, ಹತ್ಯೆ. ಛಿದ್ರವಾದ ಮೈಯೊಳಗೆ ಗಟ್ಟಿ ಅಂಗಗಳಿರುವುದೊಂದು ದೊರೆತರೆ ಮಾತು ಬೇರೆ.

ಮಾರುತಿ 800ರ ವಿಚಾರ ವಿಸ್ತಾರವಾಗಿ ಹೇಳತಕ್ಕದ್ದು. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂದುದು ಮೊದಲ್ಗೊಂಡು 2014ರ ಜನವರಿಯವರೆಗೆ ಅದು ತಯಾರಾಯಿತು. ಆದಕಾರಣ ಭಾಗಗಳ ಬರವಿಲ್ಲ. 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್ ಇಬ್ಬರು ಹೊತ್ತು ನಡೆಯುವಷ್ಟು ಹಗುರ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ಪಂದ್ಯದ ಕಾರುಗಳನ್ನು ಕಟ್ಟಿದ್ದೂ ಮಾರುತಿಯ ಎಂಜಿನ್ನಿನಿಂದಲೇ. ಸಾಮಾನ್ಯ ಕಾರಿನ ಹೃದಯದಿಂದ ಪಂದ್ಯದ ಕಾರು ಹುಟ್ಟಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು. ಲೆಕ್ಕವೂ ಅದನ್ನೇ ಹೇಳುತ್ತದೆ. ಸುಮಾರು 39 ಅಶ್ವಶಕ್ತಿಯ ಎಂಜಿನ್ 650 ಕಿಲೋಗ್ರಾಂ ತೂಕದ ಕಾರನ್ನೆಳೆದರೆ ಒಂದು ಟನ್ನಿಗೆ 60 ಅಶ್ವಶಕ್ತಿಯ ಪ್ರಮಾಣ ಬೀಳುತ್ತದೆ. ಅದೇ ಎಂಜಿನ್ 450 ಕಿಲೋಗ್ರಾಂ ತೂಕದ ಬರಿಮೈಯ ಬಂಡಿಯಲ್ಲಿ ಕುಳಿತರೆ ಆ ಪ್ರಮಾಣ 87ಕ್ಕೆ ಏರುತ್ತದೆ. ಎಂಜಿನ್ನಿಗೆ ಏನನ್ನೂ ಮಾಡದೆ, ಮೈಯ ಭಾರವನ್ನಿಳಿಸಿದ್ದರಿಂದಲೇ ದೊರೆತ ಫಲವಿದು. ದೊಡ್ಡ ಎಂಜಿನ್ನಿನ ಆಸೆಗೆ ಬಲಿಬೀಳುವ ತರುಣರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಆದರೆ ಮಾರುತಿ 800ರಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನು ತಿರುಗಿಸುತ್ತದೆ. ಮುಂಚಾಲನೆಯ ದಾನಿಯನ್ನು ಜಾಣರು ಹಿಂದುಮುಂದಾಗಿ ಬಳಸುತ್ತಾರೆ: ಎಂಜಿನ್, ಗೇರ್‌ಬಾಕ್ಸ್, ಗಾಲಿಗಳನ್ನೊಳಗೊಂಡ ಇಡೀ ಗೊಂಚಲನ್ನು ಆಸನಗಳ ಹಿಂದಕ್ಕೆ ಒಯ್ದು ಹಿಂಚಾಲನೆಯ ಕಾರನ್ನಾಗಿಸುತ್ತಾರೆ. ಆಗ ಮೂರು ಎಚ್ಚರಗಳು ಅವಶ್ಯ. ಆ ಗಾಲಿಗಳು ಮೂಲತಃ ತಿರುಗುವ ಗಾಲಿಗಳು. ಈಗ ಅವುಗಳ ಸ್ಟಿಯರಿಂಗ್ ಕೈಗಳನ್ನು ಚೌಕಟ್ಟಿಗೆ ಅಲುಗದಂತೆ ಬಂಧಿಸದಿದ್ದರೆ ಓಡುವ ಕಾರಿನ ಹಿಂಭಾಗ ತಾನಾಗಿ ದಿಕ್ಕು ಬದಲಿಸಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಮುಂದಿನ ಬಲವಾದ ಬ್ರೇಕುಗಳೂ ಹಿಂದಕ್ಕೆ ಹೋಗಿಬಿಡುವುದರಿಂದ ಬ್ರೇಕಿನ ಹಂಚಿಕೆ ತಿರುಗುಮುರುಗಾಗುತ್ತದೆ. ಬ್ರೇಕು ಒತ್ತಿದಾಗ ಭಾರವು ಮುಂದಕ್ಕೆ ಬಾಗಿ ಹಿಂದಿನ ಗಾಲಿಗಳು ಹಗುರವಾಗುತ್ತವೆ. ಆಗ ಹಿಂದಿನವು ಮೊದಲು ಬಿಗಿದರೆ ಕಾರು ಬುಗುರಿಯಂತೆ ಸುತ್ತುತ್ತದೆ. ಇನ್ನು ಗೇರಿನ ದಂಡ, ನೀರಿನ ಕೊಳವೆಗಳು ಹಿಂದಿನಿಂದ ಮುಂದಕ್ಕೆ ಉದ್ದವಾಗಿ ಸಾಗಬೇಕು. ನೀರಿನಲ್ಲಿ ಗಾಳಿ ಸಿಕ್ಕಿಕೊಂಡರೆ, ವಿಜಯಪುರದ ಬೇಸಗೆಯ ಬಿಸಿಲಿನಲ್ಲಂತೂ, ಎಂಜಿನ್ ಕುದಿಯಲು ಕೆಲವು ನಿಮಿಷ ಸಾಕು.

ಈ ಹಿಂದುಮುಂದಿನ ಕಷ್ಟವೇ ಬೇಡವೆನ್ನುವವರಿಗೆ ಟಾಟಾ ನ್ಯಾನೊ ಇದೆ. 2008ರಲ್ಲಿ ಲೋಕಕ್ಕೆ ಪ್ರಕಟವಾಗಿ ಮರುವರ್ಷ ಮಾರಾಟಕ್ಕೆ ಬಂದು ಹತ್ತು ವರ್ಷದೊಳಗೆ ಕಣ್ಮರೆಯಾದ ಆ ಕಾರಿನಲ್ಲಿ 624 ಸಿ.ಸಿ.ಯ ಎರಡು ಸಿಲಿಂಡರಿನ ಎಂಜಿನ್ ಹಿಂದುಗಡೆಯೇ ಇದ್ದು ಹಿಂದಿನ ಗಾಲಿಗಳನ್ನೇ ತಿರುಗಿಸುತ್ತದೆ. ಇಡೀ ಕಾರೇ ಸುಮಾರು 600 ಕಿಲೋಗ್ರಾಂ. ತಯಾರಕರ ನಿರೀಕ್ಷೆಯನ್ನು ಅದು ಪೂರೈಸಲಿಲ್ಲವಾದರೂ ದಾನಿಯಾಗಿ ಅದರ ಯೋಗ್ಯತೆ ಕಡಮೆಯದಲ್ಲ. ಒಂದೇ ತೊಡಕೆಂದರೆ ಅದರ ಎಂಜಿನ್ ವಿದ್ಯುನ್ಮಾನದ ಮಿದುಳಿನ ಆಜ್ಞೆಯಂತೆ ನಡೆಯತಕ್ಕದ್ದು. ಕಾರ್ಬ್ಯುರೇಟರಿನ ಹಳೆಯ ಎಂಜಿನ್ನಿಗೆ ಕೆಲವು ತಂತಿಗಳೂ ಒಂದು ಪೆಟ್ರೋಲಿನ ಕೊಳವೆಯೂ ಇದ್ದರೆ ಅದು ಉಸಿರಾಡುತ್ತದೆ. ಹೊಸದಕ್ಕೆ ಆ ಮಿದುಳು, ಅದರ ಸೂಕ್ಷ್ಮ ಸಂವೇದಕಗಳು, ತಂತಿಗಳ ಜಡೆ ಎಲ್ಲವೂ ಒಂದೂ ತಪ್ಪದೆ ಜೊತೆಗೆ ಬರಬೇಕು. ಗುಜರಿಯವನು ಸಮಯ ಉಳಿಸಲು ತಂತಿಯ ಜಡೆಯನ್ನು ಕತ್ತರಿಸಿ ಎಂಜಿನ್ನನ್ನು ಮಾತ್ರ ಕೊಟ್ಟರೆ, ಅದು ಬರಿಯ ಲೋಹದ ಗುಂಡು.

ಮೊದಲ ಸಲ ಕಟ್ಟುವವರಿಗೆ ಎಲ್ಲಕ್ಕಿಂತ ತಕ್ಕ ದಾನಿ ಯಾವುದೆಂದು ಕೇಳಿದರೆ, ಮಾರುತಿ ಓಮ್ನಿ ಎಂದೇ ಉತ್ತರಿಸಬೇಕಾಗುತ್ತದೆ. ಶಾಲೆಯ ಮಕ್ಕಳನ್ನೂ ತರಕಾರಿಯನ್ನೂ ರೋಗಿಗಳನ್ನೂ ಸಮಭಾವದಿಂದ ಹೊತ್ತ ಈ ವ್ಯಾನು 1984ರಿಂದ 2019ರವರೆಗೆ ತಯಾರಾಯಿತು. ಮಾರುತಿ 800ರ ಅದೇ 796 ಸಿ.ಸಿ. ಎಂಜಿನ್ ಇಲ್ಲಿ ಉದ್ದುದ್ದವಾಗಿ ಮುಂದಿನ ಆಸನಗಳ ಕೆಳಗೆ ಕುಳಿತು ಪ್ರೊಪೆಲರ್ ಶಾಫ್ಟಿನ ಮೂಲಕ ಹಿಂದಿನ ಅಚ್ಚನ್ನು ತಿರುಗಿಸುತ್ತದೆ. ಹಗುರವಾದ ಎಂಜಿನ್, ಹಿಂಚಾಲನೆ, ಇಡಿಯಾದ ಹಿಂದಿನ ಅಚ್ಚು, ಪಟ್ಟಿ ಸ್ಪ್ರಿಂಗು: ಔಂಡಲ್ಲಿನ ಶಿಕ್ಷಕರು ಎಸ್ಕಾರ್ಟಿನಲ್ಲಿ ಕಂಡ ಗುಣಗಳು ಹೆಚ್ಚುಕಡಮೆ ಇಲ್ಲಿ ಒಟ್ಟಾಗಿವೆ. ದೋಷವಿಲ್ಲವೆಂದಲ್ಲ. ಚಾಲಕನು ಮುಂದಿನ ಗಾಲಿಯ ಮೇಲೆಯೇ ಕೂಡುವುದರಿಂದ ಸ್ಟಿಯರಿಂಗಿನ ಕಂಬ ಬಹಳ ನೆಟ್ಟಗಿದೆ. ತಗ್ಗಾದ ಕಾರಿನಲ್ಲಿ ಅದನ್ನು ಬಾಗಿಸಲು ನಡುವೆ ಕೀಲುಗಳನ್ನು ಸೇರಿಸಬೇಕು. ಮುಂದಿನ ಎತ್ತರದ ಸಸ್ಪೆನ್ಷನ್ ಕಂಬಗಳು ತಗ್ಗಾದ ಮೂತಿಯಿಂದ ಮೇಲಕ್ಕೆ ಚಾಚಿಕೊಳ್ಳುತ್ತವೆ. ಇವೆರಡನ್ನು ಸಹಿಸಿಕೊಂಡರೆ ಉಳಿದುದು ಸುಗಮ.

ಹೊಲ, ತೋಟದ ಕೆಲಸಕ್ಕೆ ಬಂಡಿ ಬೇಕೆನ್ನುವವನ ದೃಷ್ಟಿಯೇ ಬೇರೆ. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿಯ ಬೆಳೆಗಾರನು ಸಾಲುಗಳ ನಡುವೆ ಪೆಟ್ಟಿಗೆಗಳನ್ನು ಸಾಗಿಸಲು ಬಯಸಿದರೆ ಅವನಿಗೆ ವೇಗದ ಗೊಡವೆಯಿಲ್ಲ. ತಗ್ಗಿನ ಗೇರು, ಚಾಸಿಯ ಬಲ, ಮಳೆಗಾಲದ ಎರೆಮಣ್ಣಿನಲ್ಲಿ ಹೂತುಹೋಗದ ಗಾಲಿ ಬೇಕು. ಹಳೆಯ ಮಹೀಂದ್ರಾ ಜೀಪು, ಅಥವಾ 2005ರಲ್ಲಿ ಬಂದ ಟಾಟಾ ಏಸಿನ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಅವನಿಗೆ ಸಾಕು.

ದಾನಿ ಯಾವುದೇ ಇರಲಿ, ಅದು ಒಂದೇ ಇರತಕ್ಕದ್ದೆಂಬುದು ಅನುಭವಿಗಳ ಮತ. ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸ್ ಕೂಡಬೇಕಾದರೆ ಬೋಲ್ಟಿನ ರಂಧ್ರಗಳು ಹೊಂದಬೇಕು. ಕ್ಲಚ್ಚಿನ ತಟ್ಟೆಯ ಹಲ್ಲುಗಳು ಗೇರ್‌ಬಾಕ್ಸಿನ ದಂಡದ ಹಲ್ಲುಗಳಿಗೆ ಸರಿಯಾಗಬೇಕು. ಅಚ್ಚಿನೊಳಗಿನ ಹಲ್ಲುಗಾಲಿಗಳ ಪ್ರಮಾಣ ಗಾಲಿಯ ವ್ಯಾಸಕ್ಕೆ ಒಪ್ಪಬೇಕು. ಬ್ರೇಕಿನ ಮೇಲಿನ ಸಿಲಿಂಡರು ತಳ್ಳುವ ಎಣ್ಣೆ ಗಾಲಿಯ ಸಿಲಿಂಡರುಗಳಿಗೆ ಸಾಲಬೇಕು. ಈ ಹೊಂದಾಣಿಕೆಯನ್ನು ಕಾರ್ಖಾನೆಯ ಎಂಜಿನಿಯರುಗಳು ವರ್ಷಗಟ್ಟಲೆ ಪರೀಕ್ಷಿಸಿ ಕೂಡಿಸಿರುತ್ತಾರೆ. ನಾಲ್ಕು ಕಾರುಗಳಿಂದ ನಾಲ್ಕು ಅಂಗಗಳನ್ನು ತಂದವನು ಆ ಪರೀಕ್ಷೆಗಳನ್ನೆಲ್ಲ ತಾನೇ ಮತ್ತೆ ಮಾಡಬೇಕು. ಒಂದೊಂದು ಜೋಡಣೆಗೂ ಲೇತಿನವನ ಬಾಗಿಲಿಗೆ ಅಲೆಯಬೇಕು. ಒಂದೇ ದಾನಿಯಿಂದ ಬಂದರೂ ಸ್ಪ್ರಿಂಗುಗಳು ಮಾತ್ರ ಹಾಗೆಯೇ ಒಗ್ಗುವುದಿಲ್ಲ. ಭಾರದ ಕಾರಿಗೆ ಮಾಡಿದ ಸ್ಪ್ರಿಂಗು ಹಗುರ ಕಾರಿನಲ್ಲಿ ಬಾಗುವುದೇ ಇಲ್ಲ. ಕಾರು ತಗ್ಗುದಿಣ್ಣೆಗಳಲ್ಲಿ ನೆಗೆಯುತ್ತ ನೆಲದ ಹಿಡಿತವನ್ನು ಕಳೆದುಕೊಳ್ಳುತ್ತದೆ. ಪಟ್ಟಿ ಸ್ಪ್ರಿಂಗಿನಲ್ಲಾದರೆ ಒಂದೆರಡು ಪಟ್ಟಿಗಳನ್ನು ತೆಗೆದು ಸರಿಪಡಿಸಬಹುದು.

ಕೊಳ್ಳುವ ಮುನ್ನ ದಾನಿಯನ್ನು ಓಡಿಸಿ ನೋಡಬೇಕು. ಓಡದ ಕಾರು ಅಗ್ಗವೆಂದು ತಂದವನಿಗೆ ದೋಷ ಎಂಜಿನ್ನಿನದೋ, ತಾನು ಜೋಡಿಸಿದ ರೀತಿಯದೋ ಎಂಬುದು ಕೊನೆಗೂ ತಿಳಿಯುವುದಿಲ್ಲ. ಹಿಂದಿನಿಂದ ಪೆಟ್ಟು ತಿಂದು ಮೈ ನುಜ್ಜಾದ, ಮುಂಭಾಗ ಸರಿಯಿರುವ ಓಮ್ನಿ ಉತ್ತಮ ದಾನಿ. ಪ್ರವಾಹದ ನೀರಿನಲ್ಲಿ ಮುಳುಗಿದ ಕಾರು ಹೊರಗೆ ಎಷ್ಟು ಹೊಳೆದರೂ ಅಧಮ, ತಂತಿಯ ಕೀಲುಗಳಲ್ಲಿಯೂ ಬೇರಿಂಗುಗಳಲ್ಲಿಯೂ ಕೆಸರು ಕುಳಿತಿರುತ್ತದೆ. ಮಳೆ ಕಡಮೆಯಾದ ವಿಜಯಪುರದಂಥ ಸೀಮೆಯ ಕಾರಿಗೆ ತುಕ್ಕಿನ ಬಾಧೆ ಅಲ್ಪ. ಕೊಂಕಣದ ಉಪ್ಪುಗಾಳಿಯಲ್ಲಿ ನಿಂತ ಕಾರಿನ ಬೆಲೆ ಏಕೆ ಕಡಮೆಯೆಂಬುದನ್ನು ಅದರ ಕೆಳಗೆ ಮಲಗಿ ನೋಡಿದರೆ ತಿಳಿಯುತ್ತದೆ.

ಅಂಗಗಳ ವಿಚಾರ ಇಷ್ಟಾದರೆ ಕಾಗದಗಳದು ಇನ್ನೂ ಗಹನವಾದುದು. ಪಾಳಿ ಭಾಷೆಯ ಮಿಲಿಂದಪ್ರಶ್ನೆಯಲ್ಲಿ ನಾಗಸೇನ ಭಿಕ್ಷುವು ರಾಜನನ್ನು ರಥವೆಂದರೆ ಯಾವುದೆಂದು ಕೇಳುತ್ತಾನೆ: ಅಚ್ಚೋ, ಗಾಲಿಯೋ, ಈಸೋ? ಯಾವುದೊಂದೂ ರಥವಲ್ಲವೆಂದು ಅಲ್ಲಿ ನಿರ್ಣಯವಾಗುತ್ತದೆ. ಸಾರಿಗೆ ಇಲಾಖೆಯು ಈ ದಾರ್ಶನಿಕ ಸಂದೇಹಕ್ಕೆ ಎಡೆಗೊಡುವುದಿಲ್ಲ. ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ, ನೋಂದಣಿ ಪತ್ರದಲ್ಲಿ ಬರೆದ ವಿವರಗಳು, ಇವೇ ಅದರ ಪಾಲಿಗೆ ವಾಹನ. ಓಮ್ನಿಯ ಅಂಗಗಳನ್ನು ಹೊಸ ಚೌಕಟ್ಟಿಗೆ ಸೇರಿಸಿದ ಮೇಲೆ ಓಮ್ನಿಯ ನಂಬರಿನ ಫಲಕವನ್ನು ಅದಕ್ಕೆ ತೂಗುಹಾಕಿದರೆ ಅದು ಓಮ್ನಿಯಾಗುವುದಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ತಯಾರಕನು ನಿಗದಿಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯ ತೀರ್ಪಿನಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ಹೊಸ ವಾಹನವೆಂದೇ ನೋಂದಾಯಿಸೋಣವೆಂದರೆ ಪುಣೆಯ ಎ.ಆರ್.ಎ.ಐ.ಯಂಥ ಸಂಸ್ಥೆಯಲ್ಲಿ ಮಾದರಿಯ ಪರೀಕ್ಷೆಯಾಗಬೇಕು; ಅದು ಕಾರ್ಖಾನೆಗಳಿಗೆ ಸಾಧ್ಯ, ಒಬ್ಬ ಮೇಸ್ತ್ರಿಗಲ್ಲ. ದೇವರಾಷ್ಟ್ರೆಯ ಬಂಡಿಗೆ ಒದಗಲಿದ್ದ ಅಡ್ಡಿಯೂ ಇದೇ.

ಹಾಗಾದರೆ ಕಟ್ಟುವುದೇ ವ್ಯರ್ಥವೆ? ಹಾಗೇನೂ ಇಲ್ಲ. ಕಾರ್ಖಾನೆಯಲ್ಲಾಗಲಿ ಬೇರಾವುದೇ ಆವೃತ ಸ್ಥಳದಲ್ಲಾಗಲಿ ಮಾತ್ರ ಬಳಸಲು ರೂಪಿಸಿದ ವಿಶೇಷ ಬಗೆಯ ವಾಹನವನ್ನು ಆ ಕಾಯಿದೆಯು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಬೇಲಿಯೊಳಗಿನ ತೋಟ, ಶಾಲೆಯ ಕರ್ಮಶಾಲೆಯ ಅಂಗಳ, ಪಂದ್ಯದ ಮುಚ್ಚಿದ ಹಾದಿ, ಇವೇ ಇಂಥ ಬಂಡಿಗೆ ತಕ್ಕ ನೆಲೆಗಳು. 2007ರಿಂದ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಾಹಾ ಸ್ಪರ್ಧೆಗಾಗಿ ತಮ್ಮ ಕೈಯಿಂದ ಕಟ್ಟಿದ ಬಂಡಿಗಳನ್ನು ಓಡಿಸುತ್ತ ಬಂದಿರುವುದೂ ಅಂಥ ಮುಚ್ಚಿದ ಅಂಗಳದಲ್ಲಿಯೇ. ಕಲಿಯುವುದಕ್ಕಾಗಿ ಕಟ್ಟುವುದಾದರೆ ದಾನಿಯೂ ಅದಕ್ಕೆ ತಕ್ಕಂತೆ ಸರಳವಾಗಿರಬೇಕು. ಬಿಚ್ಚಿ ನೋಡಿದರೆ ಹುಡುಗನಿಗೆ ಕಾರ್ಯಕಾರಣ ಕಾಣುವಂತಿರಬೇಕು. ಕಾರ್ಬ್ಯುರೇಟರಿನ ಹಳೆಯ ಓಮ್ನಿಯ ಪರವಾಗಿ ಇದು ಇನ್ನೊಂದು ಮಾತು.

ಗಡಿನಾಡಿನಲ್ಲಿ ಮಹಾರಾಷ್ಟ್ರದ ನೋಂದಣಿಯ ಹಳೆಯ ಕಾರುಗಳು ಅಗ್ಗವಾಗಿ ದೊರೆಯುವುದುಂಟು. ಅವುಗಳನ್ನು ಬಿಚ್ಚುವುದಕ್ಕೇ ತರುವುದಾದರೂ ಮಾಲೀಕತ್ವದ ವರ್ಗಾವಣೆ, ಸಾಲ ತೀರಿದ ದಾಖಲೆ, ಮೂಲ ಕಚೇರಿಯ ನಿರಾಕ್ಷೇಪಣ ಪತ್ರ ಇಲ್ಲದಿದ್ದರೆ ಕಳವಿನ ಮಾಲೆಂಬ ಸಂಶಯಕ್ಕೆ ಉತ್ತರವಿರುವುದಿಲ್ಲ. ಹಳೆಯ ಕಾರನ್ನು ಶಾಲೆಗೆ ಕೊಡಬಯಸುವ ಹಳೆಯ ವಿದ್ಯಾರ್ಥಿಗಳೂ ಗಮನಿಸಬೇಕಾದ ಸಂಗತಿಯೊಂದಿದೆ: ಕೀಲಿಕೈ ಕೊಟ್ಟ ಮಾತ್ರಕ್ಕೆ ದಾನ ಮುಗಿಯದು. ಪತ್ರದಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿದೆ. ಅದೇ ರಾಜ್ಯದೊಳಗಿನ ವರ್ಗಾವಣೆಯನ್ನು ಕೊಟ್ಟವರು 14 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಬೇಕು. ಪಡೆದವರು ಕಾರನ್ನು ಮತ್ತೆ ಬಳಸಲಾಗದಂತೆ ಬಿಚ್ಚಿದ ಮೇಲೆ, ಮತ್ತೆ ಅದೇ 14 ದಿನಗಳ ಅವಧಿಯಲ್ಲಿ, ಆ ಸಂಗತಿಯನ್ನು ವರದಿಮಾಡಿ ನೋಂದಣಿ ಪತ್ರವನ್ನು ಒಪ್ಪಿಸತಕ್ಕದ್ದು.

ಬಿಚ್ಚುವಾಗ ಪ್ರತಿಯೊಂದು ಕೀಲಿನ ಛಾಯಾಚಿತ್ರ ತೆಗೆದು, ತಂತಿಗಳಿಗೆ ಚೀಟಿ ಕಟ್ಟಿ, ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಹೆಸರು ಬರೆಯಬೇಕು. ಬರಿದಾದ ಮೈಯನ್ನು ಮರುದಿನವೇ ತೂಕಕ್ಕೆ ಹಾಕುವ ಆತುರ ಸಲ್ಲದು. ಆಕ್ಸಿಲರೇಟರಿನ ತಂತಿ ಹಾಯುವ ಒಂದು ಪುಟ್ಟ ತಗಡು, ಬ್ಯಾಟರಿಯನ್ನು ಹಿಡಿಯುವ ಒಂದು ಪಟ್ಟಿ, ಇಂಥವು ಹೊಸ ಬಂಡಿ ಅರ್ಧ ಸಿದ್ಧವಾದಾಗಲೇ ನೆನಪಾಗುತ್ತವೆ. ಅಂಗಡಿಯಲ್ಲಿ ಅವು ದೊರೆಯುವುದಿಲ್ಲ. ಹೊಸ ಬಂಡಿಯು ತನ್ನ ಕಾಲ ಮೇಲೆ ಅಂಗಳವನ್ನು ಒಂದು ಸುತ್ತು ಬರುವವರೆಗೂ ಹಳೆಯ ಮೈಯು ಮೂಲೆಯಲ್ಲಿ ಮುಚ್ಚಿಕೊಂಡು ಕುಳಿತಿರಲಿ.